ಪಿಸುಮಾತು ಕೇಳುವ ಮನೆ

ಈಗಲೂ ನಾನು ಹಾನಗಲ್ಲಿನ ಹೆಸರನ್ನು ಸುಮ್ಮನೆ ಹೇಳಲಾರೆ. ‘ಹಾ’ ಎಂಬಲ್ಲಿ ಎಳೆದು, ‘ನಗ’ ಎಂಬಲ್ಲಿ ಇಳಿಸಿ, ‘ಲ್ಲ’ ಎಂಬಲ್ಲಿ ಬಾಗಿಲು ಹಾಕಿದ ಹಾಗೆ ಮುಗಿಸುತ್ತೇನೆ. ಸವಣೂರು ಬಂದರೆ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡವನ ಹಾಗೆ ‘ಸೌಣೂ...ರ’ ಎನ್ನುತ್ತೇನೆ. ಹಿರೇಕೆರೂರು ದೂರದ ಊರಾದ್ದರಿಂದ ಅದರ ಕೊನೆಯ ಅಕ್ಷರವನ್ನು ಕವಣೆಯಲ್ಲಿಟ್ಟು ಬೀಸಿದಂತೆ ಬೀಸುತ್ತೇನೆ. ತಡಸ ಹತ್ತಿರವಿರುವುದರಿಂದ ಅದಕ್ಕೆ ಅರ್ಧ ಉಸಿರು ಸಾಕು. ನನ್ನ ಹೆಂಡತಿ ಇದನ್ನು ಕೇಳಿ ನಗುತ್ತಾಳೆ. ನಕ್ಕರೆ ನಗಲಿ. ಶಿಗ್ಗಾಂವಿಯ ಮೋಟಾರ್ ಸ್ಟ್ಯಾಂಡಿನ ಎದುರಿನ ಕೋಣೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದವನಿಗೆ ಈ ಊರುಗಳೆಲ್ಲ ಮೊದಲು ಪರಿಚಯವಾದದ್ದು ಒಬ್ಬ ಮನುಷ್ಯನ ಗಂಟಲಿನಿಂದ.

ಆ ಮನುಷ್ಯ ಸ್ಟ್ಯಾಂಡಿನ ಕಂಟ್ರೋಲರ್. ಊರಿನಲ್ಲಿ ಅವರ ಹೆಸರು ಬಹುಶಃ ಪಗಾರದ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ನಾನೂ ಅವರನ್ನು ‘ಕಂಟ್ರೋಲರ್‍ರ’ ಎಂದೇ ಕರೆದವನು. ಇಲ್ಲಿಯೂ ಹಾಗೇ ಇರಲಿ. ಹೋದ ವಾರ ಹಂಸಭಾವಿಯಲ್ಲಿ ಬಸ್ಸಿನಿಂದಿಳಿದ ಕಂಡಕ್ಟರನೊಬ್ಬ, ಅವರು ನಿವೃತ್ತರಾದರೆಂದು ಹೇಳಿದ. ಅಂದಿನಿಂದ ಅವರ ನೆನಪು ಬಿಟ್ಟಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹಂಸಭಾವಿಯ ಕಡೆಯ ರೈತರ ಮಗ, ಶಿಗ್ಗಾಂವಿಗೆ ಹೊಸದಾಗಿ ಬಂದ ಕನ್ನಡ ಶಾಲೆಯ ಮಾಸ್ತರ. ನಾಲ್ಕಕ್ಷರ ಕಲಿತ ಹಮ್ಮು ಮೈಯೆಲ್ಲ ತುಂಬಿತ್ತು. ಪುಣೆ-ಬೆಂಗಳೂರು ರಸ್ತೆ ಊರ ನಡುವೆಯೇ ಹಾದು ಹೋಗುವುದರಿಂದ ಲಾರಿ, ಬಸ್ಸು, ಚಕ್ಕಡಿ, ಕುದುರೆ ಟಾಂಗಾ ಎಲ್ಲದರ ಸದ್ದೂ ನನ್ನ ಕೋಣೆಗೆ ಬಾಡಿಗೆ ಕೊಡದೆ ಬಂದು ಸೇರುತ್ತಿತ್ತು. ಆ ಎಲ್ಲ ಗದ್ದಲದ ಮೇಲೆ ಒಂದು ದನಿ ತೇಲುತ್ತಿತ್ತು. ನಸುಕಿನ ಮೊದಲ ಗಾಡಿಯಿಂದ ಹಿಡಿದು ಮಧ್ಯಾಹ್ನ ಒಂದರ ತನಕ, ಮತ್ತೆ ಸಂಜೆ ಐದರಿಂದ ಕೊನೆಯ ಗಾಡಿಯವರೆಗೆ.

ಅಷ್ಟು ದೊಡ್ಡ ದನಿಯ ಒಡೆಯ ಎಷ್ಟು ದೊಡ್ಡವನಿರಬೇಕು ಎಂದುಕೊಂಡು ಹೋಗಿ ನೋಡಿದರೆ ಸಣಕಲು ಮನುಷ್ಯ. ಖಾಕಿ ಕೋಟು ಗೂಟಕ್ಕೆ ಹಾಕಿದಂತೆ ಜೋತಾಡುತ್ತಿತ್ತು. ಬೇಸಿಗೆಯಲ್ಲೂ ಕೊರಳಿಗೆ ಉಣ್ಣೆಯ ಮಫ್ಲರು, ಕಿಸೆಯಲ್ಲಿ ಕಲ್ಲುಸಕ್ಕರೆ ಮತ್ತು ಜ್ಯೇಷ್ಠಮಧು. ಸರಕಾರ ಕೊಟ್ಟ ಸೀಟಿ ಕೊರಳಲ್ಲಿತ್ತು, ಊದಿದ್ದನ್ನು ನಾನು ಕಾಣೆ. ಯಾಕೆಂದು ಕೇಳಿದರೆ, “ಸೀಟಿ ಊದಿದ್ರ ಚಕ್ಕಡಿ ಎತ್ತು ಬೆದರತಾವ್ರಿ. ನನ್ನ ದನಿಗೆ ಅವು ರೂಢಿ ಆಗ್ಯಾವ,” ಎಂದರು.

ಸ್ಟ್ಯಾಂಡಿನಲ್ಲಿ ಅವರದೊಂದು ಕಾನೂನು ಇತ್ತು. ಶೇಂಗಾ ಮಾರುವವರು, ಬಾಳೆಹಣ್ಣಿನವರು, ಸವಣೂರಿನ ಎಲೆ ಮಾರುವವರು ಎಲ್ಲರೂ ಬರಬಹುದು, ಕೂಡಬಹುದು, ಮಾರಬಹುದು. ಕೂಗುವಂತಿಲ್ಲ. ಯಾರಾದರೂ ಬಾಯಿ ತೆರೆದರೆ ಇವರು ಹೋಗಿ ಎದುರು ನಿಲ್ಲುತ್ತಿದ್ದರು.

“ನೋಡಪಾ, ಈ ಸ್ಟ್ಯಾಂಡಿನ್ಯಾಗ ಎರಡ ದನಿ ಇರಬೇಕು. ಒಂದು ಎಂಜಿನ್ನು, ಇನ್ನೊಂದು ನಂದು. ಮೂರನೇದು ಬಂತಂದ್ರ ಹಿರೇಬೆಂಡಿಗೇರಿ ಮುದುಕಿ ಹಾನಗಲ್ ಗಾಡಿ ಹತ್ತತಾಳ.”

ಅದು ಉತ್ಪ್ರೇಕ್ಷೆಯಲ್ಲ. ಓದಲು ಬಾರದ ಮಂದಿಗೆ ಬಸ್ಸಿನ ಹಲಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವರು ಕಂಟ್ರೋಲರರ ರಾಗ ಹಿಡಿದು ತಮ್ಮ ಗಾಡಿ ಗುರುತಿಸುತ್ತಿದ್ದರು. ಒಮ್ಮೆ ಅವರು ಜ್ವರದಿಂದ ಮಲಗಿದಾಗ ಬದಲಿಗೆ ಬಂದವನು ಎಲ್ಲ ಊರನ್ನೂ ಒಂದೇ ರಾಗದಲ್ಲಿ ಕೂಗಿದ. ಅಂದು ಎಷ್ಟು ಮಂದಿ ಯಾವ ಯಾವ ಊರಿನಲ್ಲಿ ಇಳಿದರೋ ದೇವರೇ ಬಲ್ಲ.

ಈ ಕೂಗಿಗೆ ಅವರು ತೆರುತ್ತಿದ್ದ ಬೆಲೆ ನನಗೆ ತಿಳಿದದ್ದು ತಡವಾಗಿ. ಹನ್ನೆರಡಕ್ಕೆ ದನಿ ಒಡೆಯುತ್ತಿತ್ತು. ಒಂದು ಗಂಟೆಗೆ ಕೆಲಸ ಮುಗಿಸಿ ಚಹಾದಂಗಡಿಗೆ ಬಂದಾಗ ಬಾಯಿಂದ ಬರಿಯ ಉಸಿರು. ಸಂಜೆಗೆ ಮತ್ತೆ ಕೂಗಬೇಕಾದ್ದರಿಂದ ಮಧ್ಯಾಹ್ನವೆಲ್ಲ ಅವರು ಪಿಸುದನಿಯಲ್ಲೇ ಮಾತಾಡುತ್ತಿದ್ದರು. ಅಂಗಡಿಯವನು ಅವರ ತುಟಿ ನೋಡಿಯೇ ಚಹಾ ಕೊಡುತ್ತಿದ್ದ. “ಊರಿಗೆಲ್ಲ ದನಿ ಹಂಚಿ ಮನಿಗೆ ಬರಿಗೈಲೆ ಹೊಂಟ್ರಿ,” ಎಂದು ನಾನು ತಮಾಷೆ ಮಾಡಿದ್ದುಂಟು. ಆ ತಮಾಷೆ ಅವರಿಗೆ ಎಲ್ಲಿ ನಾಟುತ್ತಿತ್ತೆಂದು ಆಗ ಗೊತ್ತಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಅವರು ಹೆಂಡತಿಯೊಡನೆ ಸ್ಟ್ಯಾಂಡಿನ ಹಿಂಗೋಡೆಗೆ ಆತುಕೊಂಡ ಬಾಡಿಗೆ ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ. ಆಕೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ನಾನು ದಿನಾ ಶಾಲೆಗೆ ಹೋಗುವಾಗ “ಅಕ್ಕಾರ, ಆರಾಮ್ರೀ?” ಎನ್ನುತ್ತಿದ್ದೆ. ಅವರು ಕತ್ತು ಸಹ ಎತ್ತುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ‘ಭಾಳ ಮಿಜಾಸಿನ ಹೆಂಗಸು’ ಎಂದು ಶಾಲೆಯಲ್ಲಿ ನಾಲ್ಕು ಜನರೆದುರು ಹೇಳಿಯೂ ಬಿಟ್ಟೆ. ಮಾಸ್ತರನ ಬಾಯಿ, ಅರ್ಧ ಊರಿಗೆ ಮುಟ್ಟಿರಬೇಕು.

ಒಂದು ಮಧ್ಯಾಹ್ನ ಚಹಾದಂಗಡಿಯಲ್ಲಿ ಕಂಟ್ರೋಲರ್ ನನ್ನ ಕಿವಿಯ ಹತ್ತಿರ ಬಾಗಿದರು.

“ಮಾಸ್ತರ, ಒಂದು ಮನಿ ನೋಡಬೇಕ್ರಿ. ಕೊಳ್ಳಾಕ.”

“ಈಗಿನ ಮನಿಗೆ ಏನಾಗೇತ್ರಿ? ಬಾಗಲಾ ತಗದ್ರ ಸ್ಟ್ಯಾಂಡು.”

“ಮನಿಗೆ ಏನಾಗಿಲ್ರಿ. ನಮಗ ಆಗೇತಿ.” ಚಹಾದ ಕಪ್ಪು ಕೆಳಗಿಟ್ಟು ಹೇಳಿದರು. “ನಮ್ಮಾಕಿ ಕಿವಿ ಮಂದ ಐತಿ. ಲಗ್ನಾದ ಎರಡನೇ ವರ್ಷ ವಿಷಮಜ್ವರ ಬಂದು ಹೋತು, ಹೋಗೂವಾಗ ಕಿವಿ ಒಯ್ತು. ಪೂರ್ತಿ ಅಲ್ರಿ. ಗದ್ಲ ಇಲ್ಲಂದ್ರ ಸಣ್ಣ ದನಿನೂ ಹಿಡೀತಾಳ. ಗದ್ಲ ಇತ್ತಂದ್ರ ಎಲ್ಲಾ ಕಲಸಿದ ಹಿಟ್ಟು. ನಾ ಮನಿಗೆ ಬರೂದ್ರಾಗ ನನ್ನ ದನಿ ತೀರಿರತೈತಿ. ಹೊರಗ ಮೋಟಾರು ಗುರ್ ಅಂತಿರತೈತಿ. ಆರು ವರ್ಷ ಆತ್ರಿ, ನಾವಿಬ್ರು ಕುಂತು ಮಾತಾಡಿ.”

ಆ ಕಟ್ಟೆ, ಆ ಎತ್ತದ ಕತ್ತು, ನನ್ನ ‘ಮಿಜಾಸು’ ಎಲ್ಲ ಕಣ್ಣ ಮುಂದೆ ಬಂತು. ಏನಾದರೂ ಹೇಳಬೇಕಲ್ಲ ಎಂದು, “ಕೈಸನ್ನಿ ಮಾಡಬಹುದಲ್ರಿ?” ಎಂದೆ.

“ಮಾಡತೇವ್ರಿ. ಊಟ, ನೀರು, ಬಾಗಲಾ ಹಾಕು, ಅಷ್ಟಕ್ಕ ಆತು. ‘ನಿಮ್ಮವ್ವನ ನೆನಪಾತೇನು’ ಅಂತ ಕೈಲೆ ಹೆಂಗ ಕೇಳಲಿ?”

ದೂರದ ಓಣಿಯಲ್ಲೋ ಹಳ್ಳಿಯಲ್ಲೋ ಮನೆ ಮಾಡಿದರೆ ಮುಗಿಯಿತಲ್ಲ ಎಂದು ಬೇರೆಯವರು ಹೇಳಿದ್ದರಂತೆ. ಅದು ಆಗದ ಮಾತು. ಕೋಳಿ ಕೂಗುವ ಮೊದಲು ಇವರು ಕೂಗಬೇಕು, ಮಧ್ಯಾಹ್ನ ಒಂದಕ್ಕೆ ಬಿಟ್ಟು ಐದಕ್ಕೆ ಮತ್ತೆ ಹಾಜರಿರಬೇಕು. ಆ ನಾಲ್ಕು ತಾಸೇ ಗಂಡಹೆಂಡಿರ ಪಾಲಿಗೆ ಉಳಿದದ್ದು. ಅದು ದಾರಿಯಲ್ಲಿ ಕಳೆಯಬಾರದು. ಮನೆ ಸ್ಟ್ಯಾಂಡಿಗೆ ಹತ್ತಿರವೂ ಇರಬೇಕು, ಸ್ಟ್ಯಾಂಡಿನ ಸದ್ದು ಅದಕ್ಕೆ ಗೊತ್ತೂ ಇರಬಾರದು!

ಹೀಗೆ ಹುಡುಕುವುದು ಅವರಿಗೆ ಹೊಸದಲ್ಲ. ಶಿಗ್ಗಾಂವಿಗೆ ಬರುವ ಮೊದಲು ಅವರು ಮುಂಬಯಿಯಲ್ಲಿ ವಿಮಾನ ಇಳಿಯುವ ಬಯಲಿನಲ್ಲಿ ಸಾಮಾನು ಹೊರುವ ಕೆಲಸಕ್ಕಿದ್ದರು. ಆ ಬಯಲಿನ ಬೇಲಿಗೆ ಹತ್ತಿದಂತೆಯೇ ಚಾಳು, ಚಾಳಿನಲ್ಲೊಂದು ಕೋಣೆ. ಅಲ್ಲಿಯೂ ಎರಡು ವರ್ಷ ಸದ್ದಿಲ್ಲದ ಮನೆ ಹುಡುಕಿ ಸೋತು ಬಂದಿದ್ದರು. “ಅಲ್ಲಿ ಇಮಾನ, ಇಲ್ಲಿ ಮೋಟಾರು. ಅದು ನೆತ್ತಿ ಮ್ಯಾಲೆ, ಇದು ಎದಿ ಮ್ಯಾಲೆ,” ಎನ್ನುತ್ತಿದ್ದರು. ಆದರೆ ಅಲ್ಲಿಂದ ಒಂದು ವಿದ್ಯೆ ತಂದಿದ್ದರು. ಅದು ಹೆಂಡತಿ ಕಲಿಸಿದ್ದು. ಆಕೆ ವಿಮಾನ ಬರುವುದನ್ನು ಗೋಡೆಯ ಗೂಡಿನಂಥ ಮಾಡದಲ್ಲಿಟ್ಟ ಹಿತ್ತಾಳೆ ಬಟ್ಟಲಿನ ನೀರು ನೋಡಿ ಹೇಳುತ್ತಿದ್ದರಂತೆ. ಕಿವಿಯುಳ್ಳವರಿಗೆ ಸದ್ದು ಮುಟ್ಟುವ ಮೊದಲೇ ನೀರಿನಲ್ಲಿ ಬಳೆಯಂಥ ಅಲೆಗಳು ಏಳುತ್ತಿದ್ದವು.

ಆ ಬಟ್ಟಲೇ ನಮ್ಮ ಮನೆ ನೋಡುವ ಸಾಧನ. ಮಂದಿ ಮನೆ ನೋಡಲು ಹೋದರೆ ತೊಲೆ ನೋಡುತ್ತಾರೆ, ಗೋಡೆ ತಟ್ಟುತ್ತಾರೆ, ಬಾವಿಗೆ ಇಣುಕುತ್ತಾರೆ. ಇವರು ನಡುಮನೆಯ ಮಾಡದಲ್ಲಿ ಬಟ್ಟಲು ತುಂಬಿಟ್ಟು ಎದುರಿಗೆ ಪದ್ಮಾಸನ ಹಾಕುತ್ತಿದ್ದರು. ಅವರಿಗೆ ವಾರದ ಸೂಟಿ ಸೋಮವಾರ. ಮುಂಜಾನೆಯಿಂದ ಸಂಜೆಯವರೆಗೆ ಕೂಡುವುದು. ಬುತ್ತಿ ಅಲ್ಲೇ ಬಿಚ್ಚುವುದು. ನಾನು ಶಾಲೆ ಬಿಟ್ಟ ಮೇಲೆ ಹೋಗಿ ಜೊತೆಗೂಡುತ್ತಿದ್ದೆ. ಎರಡು ವರ್ಷ ಆಡಿದ ಚಾಡಿಗೆ ಅದು ನನ್ನ ಪ್ರಾಯಶ್ಚಿತ್ತ.

ಮೊದಲನೆಯ ಮನೆಯ ಹಿಂದೆ ಅವಲಕ್ಕಿ ಕುಟ್ಟುವವರಿದ್ದರು. ಬಟ್ಟಲಿನ ನೀರು ಇಡೀ ದಿನ ಕುಣಿಯಿತು. ಎರಡನೆಯದು ನಮ್ಮ ಶಾಲೆಯ ಪಕ್ಕದ್ದು. ನೀರು ಅಲುಗಲಿಲ್ಲ, ಆದರೆ ಸಂಜೆ ನಾನು ಹೋದಾಗ ಕಂಟ್ರೋಲರ್ ತಲೆ ಅಲ್ಲಾಡಿಸಿದರು.

“ಬ್ಯಾಡ್ರಿ ಮಾಸ್ತರ. ನಿಮ್ಮ ಹುಡುಗರು ಮಗ್ಗಿ ಒದರೂದು ಭಾಳ ಜೋರು. ಅದೂ ಅಲ್ದ, ಹದಿನೇಳರ ಮಗ್ಗಿ ಒಂದ ಕಡೆ ದಿನಾ ತಪ್ಪತಾರಂತ ಕಾಣತೈತಿ. ಎಂಟಲೇ ಕಡೆ.”

ಮರುದಿನ ತರಗತಿಯಲ್ಲಿ ಕೇಳಿ ನೋಡಿದೆ. ನಿಜವಾಗಿ ಎಂಟರಲ್ಲೇ ತಪ್ಪುತ್ತಿದ್ದರು.

ಮೂರನೆಯದು ಸವಣೂರು ರಸ್ತೆಯ ಕಡೆಗಿತ್ತು, ಹೇಳಿ ಮಾಡಿಸಿದಂಥ ಮನೆ. ಬಟ್ಟಲಿನ ನೀರು ಕನ್ನಡಿಯಂತಿತ್ತು. ಕಂಟ್ರೋಲರ್ ಕಣ್ಣು ಪಿಳುಕಿಸದೆ ಅದನ್ನೇ ನೋಡುತ್ತಿದ್ದಾಗ ಮನೆಯ ಒಡೆಯ ಬಾಗಿಲಲ್ಲಿ ಬಂದು ನಿಂತ. ನೋಡಿದ. ಮೆಲ್ಲಗೆ ಹಿಂದೆ ಸರಿದ. ಮರುದಿನ ಮನೆ ಮಾರುವುದಿಲ್ಲವೆಂದು ಹೇಳಿ ಕಳಿಸಿದ. ಒಂದು ವಾರದೊಳಗೆ ಅವನು ನಡುಮನೆಯನ್ನು ಮಂಡಿಯುದ್ದ ಅಗೆಸಿದನೆಂದು ಸುದ್ದಿ ಬಂತು. ಇವರು ನೀರಿನಲ್ಲಿ ಅಂಜನ ನೋಡುತ್ತಿದ್ದಾರೆ, ಹೂತಿಟ್ಟ ಹೊನ್ನು ಕಂಡಿದೆ ಎಂದು ಅವನ ಲೆಕ್ಕ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಂಟ್ರೋಲರ್ ನಗಲಿಲ್ಲ. “ಅಂಥಾ ಮನಿ ಮತ್ತ ಸಿಗತೈತೇನ್ರಿ?” ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಹಾನಗಲ್ಲಿಗೆ ವರ್ಗವಾಗಿ ಹೋಗಿ, ಅಲ್ಲಿ ಸ್ಟ್ಯಾಂಡಿನ ಹತ್ತಿರ ಶಾಂತವಾದ ಮನೆಗಳಿವೆ ಎಂದು ಮೇಲಿನವರೊಬ್ಬರು ಹೇಳಿದ್ದೂ ಉಂಟು. ಅದಕ್ಕೆ ಅವರು ಒಪ್ಪಲಿಲ್ಲ. “ಇಲ್ಲಿ ಮಂದಿಗೆ ನನ್ನ ರಾಗ ಗೊತ್ತೈತ್ರಿ,” ಎಂದಷ್ಟೇ ಹೇಳಿದರು.

ನಾಲ್ಕನೆಯ ಮನೆಯನ್ನು ಹುಡುಕಿದ ಕೀರ್ತಿ ನನ್ನದು. ಅದನ್ನು ಈಗಲೂ ಅಭಿಮಾನದಿಂದ ಹೇಳಲೋ, ನಾಚಿಕೆಯಿಂದ ಹೇಳಲೋ ತಿಳಿಯದು. ಸ್ಟ್ಯಾಂಡಿನಿಂದ ಎರಡು ಓಣಿ ಆಚೆ ಗಾಣಿಗೇರ ಓಣಿಯ ತುದಿಗೆ ಮಣ್ಣಿನ ದಪ್ಪ ಗೋಡೆಯ ಎರಡಂಕಣದ ಮನೆ. ಪಕ್ಕದ ಹಿತ್ತಲಿನಲ್ಲಿ ಒಂದು ಗಾಣ ನಿಂತಿತ್ತು, ಅದರ ಎತ್ತು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಗಿರಣಿಯ ಎಣ್ಣೆ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಗಾಣ ನಿಂತುಹೋಗಿದ್ದವು. ಇದೂ ಅಂಥದ್ದೇ ಎಂದು ನಾನು ಕಂಟ್ರೋಲರರಿಗೆ ಗಟ್ಟಿಯಾಗಿ ಹೇಳಿದೆ. ಮೂರು ಸೋಮವಾರ ನೋಡಿದೆವು. ನೀರು ಅಲುಗಲಿಲ್ಲ. ಮೂರನೆಯ ಸೋಮವಾರ ಅವರು ಹೆಂಡತಿಯನ್ನು ಕರೆತಂದರು.

ಆಕೆಯನ್ನು ಅಡಿಗೆಮನೆಯ ಒಲೆಯ ಹತ್ತಿರ ಕೂಡಿಸಿ, ತಾವು ಪಡಸಾಲೆಯ ಬಾಗಿಲಲ್ಲಿ ಕೂತರು. ನಡುವೆ ಮೂರು ಮಾರು ದೂರ. ಆಕೆಯ ಮುಖ ಗೋಡೆಯ ಕಡೆಗಿತ್ತು. ಇವರು ತಮ್ಮ ಸವೆದ ದನಿಯಲ್ಲಿ, ನನಗೇ ಅರ್ಧ ಕೇಳಿಸುವ ಹಾಗೆ, “ನಾಳಿಗೆ ಏನು ಅಡಗಿ?” ಎಂದರು.

ಆಕೆ ತಟ್ಟನೆ ತಿರುಗಿದರು. ಆಮೇಲೆ, “ಝುಣಕಾ ಮಾಡಲೇನ್ರಿ?” ಎಂದರು.

ಕಂಟ್ರೋಲರ್ ಮಫ್ಲರಿನಿಂದ ಕಣ್ಣೊರೆಸಿಕೊಂಡರು. ನಾನು ಹೊರಗೆ ಹೋಗಿ ಗಾಣದ ಎತ್ತನ್ನು ನೋಡುತ್ತ ನಿಂತೆ.

ಜೀವಮಾನದ ಉಳಿತಾಯಕ್ಕೆ ಆಕೆಯ ಕೊರಳಿನ ಬಂಗಾರದ ಬೋರಮಾಳವೂ ಸೇರಿ ಮನೆ ಅವರದಾಯಿತು. ಮುಂದಿನ ಸೋಮವಾರ ಹಾಲುಕ್ಕಿಸಿ ಒಳಗೆ ಹೋದರು. ಮರುದಿನ ಮಂಗಳವಾರ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಹೊಸ ಮನೆಯ ಚಹಾ ಕುಡಿಯಲೆಂದು ಹೊರಟೆ. ಗಾಣಿಗೇರ ಓಣಿಯ ಬಾಯಿಗೆ ಬಂದಾಗಲೇ ಕೇಳಿಸಿತು. ಕಿರ್ರ್...ರ್ರ್... ಕುಂಯ್. ಕಿರ್ರ್...ರ್ರ್... ಕುಂಯ್. ಹಲ್ಲಿನ ಬೇರಿಗೆ ಇಳಿಯುವ ಸದ್ದು. ಎತ್ತು ನಿಶ್ಚಿಂತೆಯಿಂದ ಸುತ್ತುತ್ತಿತ್ತು, ಗಾಣ ಅರಚುತ್ತಿತ್ತು.

ಸೋಮವಾರ! ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ಅಂದು ನೊಗ ಇಡುವುದಿಲ್ಲ, ಇದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಹೊಲದಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಾಣಕ್ಕೆ ಕಟ್ಟುವುದೂ ಎತ್ತನ್ನೇ ಎಂದು ಮಾತ್ರ ಹೊಳೆಯಲಿಲ್ಲ. ನಾವು ನೋಡಿದ ಮೂರು ದಿನ, ಹಾಲುಕ್ಕಿಸಿದ ಒಂದು ದಿನ, ನಾಲ್ಕೂ ಸೋಮವಾರ. ವಾರದ ಉಳಿದ ಆರು ದಿನ ಆ ಗಾಣ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿತ್ತು.

ಪಡಸಾಲೆಯಲ್ಲಿ ಕಂಟ್ರೋಲರ್ ಕೂತಿದ್ದರು. ಬಟ್ಟಲು ಮಾಡದಲ್ಲೇ ಇತ್ತು. ನೀರು ಅಲುಗುತ್ತಿರಲಿಲ್ಲ; ಆ ಸದ್ದು ನೆಲದಿಂದ ಬರುವಂಥದ್ದಲ್ಲ. ಆಕೆ ಒಳಗೆ ಒಲೆಯ ಮುಂದೆ, ಕತ್ತು ತಗ್ಗಿಸಿಕೊಂಡು, ಹಳೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದ ಹಾಗೆಯೇ ಕೂತಿದ್ದರು. ನನಗೆ ಅಳು ಬಂತು. ಗಿರಣಿ ಬಂದು ಗಾಣ ನಿಂತಾವ ಅಂತ ಹೇಳಿದವನು ನಾನೇ ಅಲ್ಲವೇ?

“ನನ್ನ ತಪ್ಪು, ಕಂಟ್ರೋಲರ್‍ರ.”

“ನೀವು ಮಾಸ್ತರ್ರು. ನಾನೂ ಒಕ್ಕಲಗ್ಯಾರ ಮಗನ ಅದೇನಲ್ರಿ, ನನಗರ ಹೊಳೀಬೇಕಿತ್ತು,” ಎಂದು ಅವರು ಪಿಸುಗುಟ್ಟಿದರು. ಬೈದಿದ್ದರೆ ಚೆನ್ನಾಗಿತ್ತು.

ಎದ್ದು ಪಕ್ಕದ ಹಿತ್ತಲಿಗೆ ಹೋದೆವು. ಗಾಣ ನಡೆಸುತ್ತಿದ್ದವಳು ಒಬ್ಬ ಮುದುಕಿ. ಗಂಡ ಹೋದ ಮೇಲೆ ಎತ್ತು, ಗಾಣ, ಗಿರಾಕಿ ಎಲ್ಲವನ್ನೂ ತಾನೇ ಹಿಡಿದವಳು. ಓಣಿಯವರು ಅವಳನ್ನು ಗಾಣದವ್ವ ಎನ್ನುತ್ತಿದ್ದರು. ಗಾಣದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ನಮ್ಮ ಕಂಟ್ರೋಲರರ ಮುಂಜಾನೆಯ ದನಿಗೆ ಕಡಿಮೆಯಿರಲಿಲ್ಲ. ಕಂಟ್ರೋಲರರ ಪಿಸುಮಾತನ್ನು ನಾನು ದೊಡ್ಡದು ಮಾಡಿ ಅವಳಿಗೆ ಹೇಳಬೇಕಾಯಿತು.

“ಯವ್ವಾ, ಎಣ್ಣಿ ಮಾರೂ ಮನ್ಯಾಗ ಗಾಣದ ಕೀಲಿಗೆ ಎಣ್ಣಿ ಇಲ್ಲೇನಬೇ?”

“ಐತೋ ನನ್ನಪ್ಪಾ. ಬೇಕಂತನ ಹಚ್ಚಿಲ್ಲ,” ಎಂದಳು. “ಗಾಣ ಒದರತೈತಿ ಅಂದ್ರ ತಾಜಾ ಎಣ್ಣಿ ಇಳದೈತಿ ಅಂತ ಮಂದಿಗೆ ಗೊತ್ತಾಗತೈತಿ. ಸದ್ದು ಕೇಳಿ ಗಡಿಗಿ ಹಿಡಕೊಂಡು ಬರತಾರ. ಕೀಲಿಗೆ ಎಣ್ಣಿ ಹಚ್ಚಿದ್ನಿ ಅಂದ್ರ, ಮುದುಕಿ ಸತ್ತಳು, ಗಿರಣಿಗೆ ಹೋಗೂಣ ನಡೀರಿ ಅಂತಾರ. ಈ ಸಾಹೇಬ್ರು ಸ್ಟ್ಯಾಂಡಿನ್ಯಾಗ ಒದರೂದಿಲ್ಲೇನು? ಹಂಗ ಇದೂ.”

ಅವಳ ಮಾತಿನಲ್ಲಿ ತಪ್ಪೇನಿದೆ? ಗಿರಣಿಯ ಮುಂದೆ ಆ ಒಂಟಿ ಎತ್ತಿಗೆ ಇದ್ದ ಬಲ ಆ ಕಿರುಗುಟ್ಟುವುದೊಂದೇ. ಕಂಟ್ರೋಲರ್ ಎತ್ತು ಎರಡು ಸುತ್ತು ಬರುವವರೆಗೆ ನಿಂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ, ಸಂಜೆಗೆಂದು ಉಳಿಸಿಟ್ಟ ದನಿಯನ್ನು ಹೇಗೋ ಎಳೆದು ತಂದು ತಾವೇ ಹೇಳಿದರು.

“ಯವ್ವಾ, ನಿಂದು ನಾ ಒದರತೇನಿ. ನೀ ಕೀಲಿಗೆ ಎಣ್ಣಿ ಹಚ್ಚು.”

ಮುದುಕಿ ಅವರನ್ನು ಮೇಲೆ ಕೆಳಗೆ ನೋಡಿದಳು. ಬೇಲಿಯ ಆಚೆ ಹಿತ್ತಲ ಬಾಗಿಲಲ್ಲಿ ಬಂದು ನಿಂತ ಹೆಂಗಸನ್ನೂ ನೋಡಿದಳು. “ಒಂದು ವಾರ,” ಎಂದಳು. “ಬರೂ ಸೋಮವಾರದ ಮಟಾ. ಗಿರಾಕಿ ಕಡಿಮಿ ಆದ್ರ ಮಂಗಳವಾರ ಎಣ್ಣಿ ಒರಿಸಿ ಮತ್ತ ಒದರಸತೇನಿ. ಆವಾಗ ಏನೂ ಅನ್ನಂಗಿಲ್ಲ.”

ಮಾತು ಏನೋ ಕೊಟ್ಟು ಬಂದರು. ಆದರೆ ಯಾರ ಸ್ಟ್ಯಾಂಡಿನಲ್ಲಿ? ಶೇಂಗಾದವನಿಗೆ ಬಾಯಿ ತೆರೆಯಗೊಡದ ಮನುಷ್ಯ ಎಣ್ಣೆ ಕೂಗುವುದು ಹೇಗೆ? ಅಂದು ಸಂಜೆ ಊರುಗಳ ಹೆಸರು ಬಿಟ್ಟು ಅವರು ಎಣ್ಣೆಯನ್ನು ಕೂಗಲಿಲ್ಲ. ನಾನು ಕೋಣೆಯ ಕಿಟಕಿಯಲ್ಲಿ ಕಿವಿಗೊಟ್ಟು ಕೂತದ್ದೇ ಬಂತು. ಮರುದಿನ ಬೆಳಗ್ಗೆ ಎಂಟರ ಹೊತ್ತಿಗೆ ಅವರ ರಾಗ ಎದ್ದಿತು.

“ಹಿರೇಬೆಂಡಿಗೇರಿ...! ಹಿರೇಬೆಂಡಿಗೇರಿ ಗಾಡಿ ಬಿಡಾಕ ಇನ್ನ ಕಾಲು ತಾಸೈತ್ರ್ಯೋ...! ಗಾಣಿಗೇರ ಓಣ್ಯಾಗ ಕುಸುಬಿ ಎಣ್ಣಿ ತಗೊಂಡು ಬರಾಕ ಕಾಲು ತಾಸು ಸಾಕು...!”

ನಾನು ಬಾಯಿಗೆ ಕೈ ಇಟ್ಟುಕೊಂಡೆ. ಎಂಥ ಜಾಣತನ! ಇದು ಸರಕು ಕೂಗುವುದಲ್ಲವಂತೆ. ಪ್ರಯಾಣಿಕರಿಗೆ ಹೊತ್ತು ತಿಳಿಸುವುದಂತೆ. ಶೇಂಗಾದವನು ಬಂದು, “ಮೂರನೇ ದನಿ ಯಾರ್ದ್ರಿ ಸಾಹೇಬ್ರ?” ಎಂದು ಕೇಳಿದನಂತೆ. ಇವರು ಕೆಂಪೇರಿ, ಅವನಿಗೂ ದಿನಕ್ಕೆ ಎರಡು ಸಲ ಕೂಗಲು ಪರವಾನಗಿ ಕೊಟ್ಟರು. ಹಾನಗಲ್ಲಿನ ಗಾಡಿ ತಡವಾದ ದಿನ ಗಾಣದವ್ವನಿಗೆ ಹಬ್ಬ. “ಅರ್ಧ ತಾಸು ತಡಾ ಐತಿ, ಎರಡು ಗಡಿಗಿ ತರಬಹುದು” ಎಂದು ರಾಗ ಉದ್ದವಾಗುತ್ತಿತ್ತು.

ಶುಕ್ರವಾರ ಮೇಲಿನ ಸಾಹೇಬರೊಬ್ಬರು ತಪಾಸಣೆಗೆ ಬಂದಾಗ ಇದು ಅವರ ಕಿವಿಗೆ ಬಿತ್ತು. ಕರೆಸಿ ಕೇಳಿದರು. ಕಂಟ್ರೋಲರ್ ಕೈಕಟ್ಟಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಹೆಂಡತಿಯ ಕಿವಿ, ಗಾಣದ ಕೀಲು, ವಾರದ ವಾಯಿದೆ ಎಲ್ಲ. ಸಾಹೇಬರು ಬಹಳ ಹೊತ್ತು ರಿಜಿಸ್ಟರು ತಿರುವಿ ಹಾಕಿದರಂತೆ. ಏನೂ ಬರೆಯಲಿಲ್ಲ. ಜೀಪು ಹೊರಡುವ ಮುಂಚೆ ಅವರ ಡ್ರೈವರು ಮಾತ್ರ ಗಾಣಿಗೇರ ಓಣಿಯಿಂದ ಒಂದು ಡಬ್ಬಿ ಹಿಡಿದುಕೊಂಡು ಬಂದ.

ಆ ವಾರ ನಾನು ಓಣಿಯ ಕಡೆಗೆ ಹೋಗಲಿಲ್ಲ. ಹೋಗಲು ಧೈರ್ಯ ಸಾಲಲಿಲ್ಲ ಎಂಬುದೇ ನಿಜ. ಸಂತೆಯ ದಿನ ಗಡಿಗೆ ಹಿಡಿದ ಹೆಂಗಸರು ಆ ಕಡೆಗೆ ಹೋಗುವುದನ್ನು ಕಂಡು ಎಣಿಸಲು ಹೊರಟು, ಎಣಿಕೆ ತಪ್ಪಿ, ದೇವರಿಗೆ ಬಿಟ್ಟೆ. ಸೋಮವಾರ ಬಂತು. ಸೋಮವಾರ ಗಾಣ ಹೇಗೂ ನಿಲ್ಲುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಮಂಗಳವಾರ ಮಧ್ಯಾಹ್ನದ ಬಿಡುವಿನ ಗಂಟೆ ಹೊಡೆದದ್ದೇ ಊಟ ಬಿಟ್ಟು ಹೊರಟೆ.

ಓಣಿಯ ಬಾಯಿಯಲ್ಲಿ ನಿಂತೆ. ಸದ್ದಿಲ್ಲ. ಗಾಣ ನಿಂತೇ ಹೋಯಿತೇ ಎಂದು ಹೆದರಿ ಬೇಲಿಯವರೆಗೆ ಹೋದೆ. ಎತ್ತು ಸುತ್ತುತ್ತಿತ್ತು. ಕೀಲು ಎಣ್ಣೆ ಕುಡಿದು ಕರ್ರಗೆ ಹೊಳೆಯುತ್ತಿತ್ತು. ಗೊರಸಿನ ಸಪ್ಪಳ, ಕುಸುಬಿ ಅರೆಯುವ ಸಣ್ಣ ಸರಸರ, ಅಷ್ಟೇ. ಗಾಣದವ್ವ ನನ್ನನ್ನು ಕಂಡು, ಓಣಿಯೆಲ್ಲ ಕೇಳುವಂತೆ, “ಎಣ್ಣಿ ಖಾಲಿ ಆಗೇತಿ ಮಾಸ್ತರ, ನಾಳಿಗೆ ಬಾ!” ಎಂದಳು.

ಮನೆಯ ಬಾಗಿಲು ತೆರೆದಿ​ತ್ತು. ಗಂಡಹೆಂಡಿರು ಪಡಸಾಲೆಯಲ್ಲಿ ಎದುರುಬದುರು ಕೂತಿದ್ದರು. ಇವರು ಏನೋ ಪಿಸುಗುಟ್ಟುತ್ತಿದ್ದರು, ಆಕೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. ನಾನು ಅಭ್ಯಾಸಬಲದಿಂದ, ಉತ್ತರದ ಆಸೆಯಿಲ್ಲದೆ, “ಅಕ್ಕಾರ, ಆರಾಮ್ರೀ?” ಎಂದೆ.

ಆಕೆ ನನ್ನ ಕಡೆಗೆ ತಿರುಗಿ ಕಣ್ಣರಳಿಸಿದರು.

“ಅಯ್ಯ, ಮಾಸ್ತರ, ನಿಮ್ಮ ದನಿ ಇಷ್ಟು ಸಣ್ಣದೇನ್ರಿ? ದಿನಾ ತುಟಿ ಅಲುಗೂದು ಕಂಡೂ ಕಾಣದಂಗ ಕುಂದರತಿದ್ನಿ. ತಪ್ಪು ಉತ್ತರಾ ಕೊಟ್ರ ನಗತೀರಿ ಅಂತ ಅಂಜಿಕಿ ಇತ್ರಿ. ಕುಂದರ್ರಿ, ಚಾ ಮಾಡತೇನಿ.”

ಚಹಾ ಬಂತು. ಕಂಟ್ರೋಲರ್ ಒಂದು ಗುಟುಕು ಕುಡಿದು ತೃಪ್ತಿಯಿಂದ ಕಣ್ಣು ಮುಚ್ಚಿದರು. ಆಕೆ ನನಗೆ ಹೇಳಿದರು: “ಇವರಿಗೆ ಚಾದಾಗ ಬೆಲ್ಲ ಜಾಸ್ತಿ ಆಗತಿತ್ತಂತ್ರಿ. ಆರು ವರ್ಷದಿಂದ. ಮೊನ್ನೆ ಹೇಳಿದ್ರು.”

ಅದಾದ ಮರುವರ್ಷ ನನಗೆ ಹಂಸಭಾವಿಗೆ ವರ್ಗವಾಯಿತು. ಹೊರಡುವ ದಿನ ಕಂಟ್ರೋಲರ್ ಹಿರೇಕೆರೂರಿನ ಗಾಡಿಯನ್ನು ಮೂರು ಸಲ ಹೆಚ್ಚಿಗೆ ಕೂಗಿದರು. ನಾನು ಒಳಗೆ ಕೂತಿದ್ದು ಅವರಿಗೆ ಕಾಣುತ್ತಲೇ ಇತ್ತು.

ನಿವೃತ್ತಿಯ ಸುದ್ದಿ ಕೇಳಿದ ಮೇಲೆ ನಿಲ್ಲಲಾಗದೆ ಮೊನ್ನೆ ಭಾನುವಾರ ಶಿಗ್ಗಾಂವಿಗೆ ಹೋಗಿ ಬಂದೆ. ಗಾಣದವ್ವ ಈಗಿಲ್ಲ. ಗಾಣದ ಕಲ್ಲು ಹಿತ್ತಲಿನಲ್ಲಿದೆ, ಮೇಲೆ ಯಾರೋ ತುಳಸಿ ಇಟ್ಟಿದ್ದಾರೆ. ಓಣಿಗೆ ಓಣಿಯೇ ಸದ್ದಿಲ್ಲದೆ ಮಲಗಿತ್ತು. ಕಂಟ್ರೋಲರರ ಮನೆಯಿಂದ ಮಾತ್ರ ಜೋರು ದನಿ ಹೊರಗೆ ಬರುತ್ತಿತ್ತು. ಜಗಳವೇನೋ ಎಂದು ಗಾಬರಿಯಿಂದ ಬಾಗಿಲಿಗೆ ಹೋದೆ. ಜಗಳವಲ್ಲ. ಕೂಗುವ ಕೆಲಸ ನಿಂತು ಒಂದು ತಿಂಗಳಾದ್ದರಿಂದ ಮನುಷ್ಯನ ದನಿ ಪೂರ್ತಿ ಮರಳಿ ಬಂದಿತ್ತು. ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ತಿಳಿಯದೆ, ಎದುರಿಗೇ ಕೂತ ಹೆಂಡತಿಗೆ, ಹಾನಗಲ್ಲಿನ ಗಾಡಿಗೆ ಮಂದಿ ಕರೆಯುವ ಅದೇ ರಾಗದಲ್ಲಿ, ಮಳೆ ಬರುವ ಹಾಗಿದೆ ಎಂದು ತಿಳಿಸುತ್ತಿದ್ದರು.

ಆಕೆ ಎರಡೂ ಕಿವಿ ಮುಚ್ಚಿಕೊಂಡು ಅಂದರು:

“ಸಾವಕಾಶ ಮಾತಾಡ್ರಿ! ನಾ ಏನು ಕಿವುಡಿ ಅದೇನೇನು?”